ಗೋಡೆಗೂಡಿನ ಮೂರು ಔಷಧಿ ಮತ್ತು ಯಲ್ಲಾಪ್ರಗಡ ಸುಬ್ಬರಾವ್

ಕಿರುಗಾವಲಿನ ನಮ್ಮ ದೊಡ್ಡಮ್ಮನ ಮನೆಯ ನಡುಮನೆಯಲ್ಲಿ ಒಂದು ಗೋಡೆಗೂಡಿದೆ. ಮೊದಲು ಅಲ್ಲಿ ಸೀಮೆಎಣ್ಣೆ ಬುಡ್ಡಿ ಇರ್ತಿತ್ತು, ಈಗ ಔಷಧಿ ಇರುತ್ತೆ. ಹೋದ ಸಲ ಊರಿಗೆ ಹೋದಾಗ ಅದರಲ್ಲಿ ಮೂರು ಸಾಮಾನು ಕಂಡವು. ಒಂದು, ಸಂಧಿವಾತಕ್ಕೆ ದೊಡ್ಡಮ್ಮ ಪ್ರತಿ ಭಾನುವಾರ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ. ಎರಡು, ಅದರ ಜೊತೆಗೆ ಬೇರೆ ದಿನ ತಗೊಳ್ಳೋಕೆ ಡಾಕ್ಟರು ಬರೆದುಕೊಟ್ಟ ಫೋಲಿಕ್ ಆಸಿಡ್. ಮೂರು, ಅಣ್ಣ ಭತ್ತದ ಗದ್ದೆಗೆ ಹೊಡೆದು ಮಿಕ್ಕಿಸಿಟ್ಟ ಸ್ಟ್ರೆಪ್ಟೋಸೈಕ್ಲಿನ್ ಪುಡಿಯ ಪುಟ್ಟ ಪೊಟ್ಟಣ. ಬಾಯಿ ಮಡಿಚಿ ರಬ್ಬರ್ ಬ್ಯಾಂಡ್ ಹಾಕಿತ್ತು. ಮನುಷ್ಯರ ಔಷಧೀನೂ ಗದ್ದೆ ಔಷಧೀನೂ ಒಂದೇ ಕಡೆ ಇಡಬೇಡಣ್ಣ ಅಂತ ಹೇಳಿ ಪೊಟ್ಟಣ ಎತ್ತಿಡಿಸಿದೆ. ಬನ್ನೂರು ದಾಟಿ ಮೈಸೂರಿಗೆ ಬರುವ ಬಸ್ಸಿನಲ್ಲಿ ಕೂತಾಗ ಹೊಳೀತು, ಈ ಮೂರೂ ಒಂದೇ ಮನೆತನದ ಔಷಧಿಗಳು. ಮೂರರ ಮೂಲವೂ ಅಮೆರಿಕದ ಪರ್ಲ್ ರಿವರ್ ಎಂಬ ಊರಿನ ಲೆಡರ್ಲೆ ಪ್ರಯೋಗಾಲಯ. 1940ರ ದಶಕದಲ್ಲಿ ಅಲ್ಲಿನ ಸಂಶೋಧನೆಯ ಯಜಮಾನರಾಗಿದ್ದವರು ಗೋದಾವರಿ ಸೀಮೆಯ ಭೀಮಾವರದ ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ ಹೆಸರನ್ನು ನಾವು ನೆನೆಯೋದು ಸಾಮಾನ್ಯವಾಗಿ ಒಂದೇ ರಾಗದಲ್ಲಿ. ನೊಬೆಲ್ ಬರಬೇಕಿತ್ತು, ಬರಲಿಲ್ಲ, ನಮ್ಮವರೇ ಮರೆತರು ಅಂತ. ಅದು ಸುಳ್ಳಲ್ಲ. ಆದರೆ ಅವರ ಬದುಕಿನಲ್ಲಿ ಅದಕ್ಕಿಂತ ಕುತೂಹಲದ ಒಂದು ಗಂಟಿದೆ. ಜೀವಕೋಶ ತನ್ನೊಳಗೆ ಬಂದ ಔಷಧಿಯನ್ನೂ ವಿಷವನ್ನೂ ಎತ್ತಿ ಹೊರಗೆ ಚೆಲ್ಲೋದಕ್ಕೆ ಪಂಪುಗಳನ್ನು ಇಟ್ಟುಕೊಂಡಿದೆ. ಅದರಲ್ಲಿ ಬಹಳಷ್ಟು ಪಂಪುಗಳಿಗೆ ಬೇಕಾದ ಇಂಧನವನ್ನು ಮೊದಲು ಬೇರ್ಪಡಿಸಿ ತೋರಿಸಿದವರಲ್ಲಿ ಸುಬ್ಬರಾವ್ ಒಬ್ಬರು. ಆ ಪಂಪುಗಳು ಹೊರಗೆ ಚೆಲ್ಲುವ ಔಷಧಿಗಳಲ್ಲಿ ಎರಡು ಮುಖ್ಯವಾದವು ಅವರ ಪ್ರಯೋಗಾಲಯದಿಂದಲೇ ಬಂದವು. ಪಂಪು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅದು ಬೆಳಕಿಗೆ ಬಂದದ್ದು ಅವರು ತೀರಿಹೋಗಿ ಕಾಲು ಶತಮಾನ ಕಳೆದ ಮೇಲೆ.

ಹುಟ್ಟಿದ್ದು 1895ರ ಜನವರಿ 12ರಂದು. ತಂದೆಗೆ ಕಂದಾಯ ಇಲಾಖೆಯಲ್ಲಿ ಸಣ್ಣ ನೌಕರಿ, ಮನೆ ತುಂಬ ಮಕ್ಕಳು, ಬಡತನ. ಹುಡುಗನಿಗೆ ಓದು ಹತ್ತಲಿಲ್ಲ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡ್ತೀನಿ ಅಂತ ಮನೆ ಬಿಟ್ಟು ಓಡಿದ್ದನ್ನೂ, ದಾರಿಯಲ್ಲೇ ಹಿಡಿದು ತಂದದ್ದನ್ನೂ ಜೀವನಚರಿತ್ರೆ ಬರೆದವರು ಹೇಳ್ತಾರೆ. ಮೆಟ್ರಿಕ್ ಪಾಸಾಗಿದ್ದು ಮೂರನೇ ಸಲಕ್ಕೆ, ಮದರಾಸಿನಲ್ಲಿ. ಆಮೇಲೆ ಪ್ರೆಸಿಡೆನ್ಸಿ ಕಾಲೇಜು. ನಡುವೆ ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿ ಆಗುವ ಆಸೆ ಹುಟ್ಟಿತು. ತಾಯಿ ಒಪ್ಪಿಗೆ ಕೊಡಲಿಲ್ಲ. ಡಾಕ್ಟರಾಗಿ ಜನರ ಸೇವೆ ಮಾಡೋಣ ಅಂತ ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದರು. ಅಲ್ಲಿ ಗಾಂಧಿಯ ಮಾತು ಕೇಳಿ ಖಾದಿ ಬಟ್ಟೆಯ ಸರ್ಜರಿ ಗೌನು ತೊಟ್ಟು ಹೋದರು. ಇಂಗ್ಲಿಷ್ ಪ್ರೊಫೆಸರ್ ಬ್ರಾಡ್‌ಫೀಲ್ಡ್‌ಗೆ ಸಿಟ್ಟು ಬಂತು. ಪರೀಕ್ಷೆಯಲ್ಲಿ ಬೇರೆ ವಿಷಯಗಳನ್ನೆಲ್ಲ ಚೆನ್ನಾಗಿ ಬರೆದಿದ್ದರೂ ಪೂರ್ಣ ಎಂಬಿಬಿಎಸ್ ಬದಲು ಎಲ್‌ಎಂಎಸ್ ಎಂಬ ಕೆಳಗಿನ ಸರ್ಟಿಫಿಕೇಟು ಕೈಗೆ ಬಂತು. ಸರ್ಕಾರಿ ಮೆಡಿಕಲ್ ಸೇವೆಯ ಬಾಗಿಲು ಮುಚ್ಚಿತು. ಕೊನೆಗೆ ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನೆ ಪಾಠ ಮಾಡುವ ಕೆಲಸ ಸಿಕ್ಕಿತು.

ಅವರ ಬದುಕಿನ ದಿಕ್ಕನ್ನು ನಿರ್ಧರಿಸಿದ್ದು ಒಂದು ಹೊಟ್ಟೆಯ ಕಾಯಿಲೆ. ಸ್ಪ್ರೂ ಅಂತ ಅದರ ಹೆಸರು, ನಮ್ಮ ಪಂಡಿತರು ಗ್ರಹಣಿ ಅನ್ನುವ ಗುಂಪಿಗೆ ಸೇರಿದ್ದು. ತಿಂದದ್ದು ಮೈಗೆ ಹತ್ತೋದಿಲ್ಲ, ನಿಲ್ಲದ ಭೇದಿ, ರಕ್ತಹೀನತೆ, ಮನುಷ್ಯ ಕಡ್ಡಿಯಾಗ್ತಾನೆ. ಈ ಕಾಯಿಲೆ ಸುಬ್ಬರಾವ್ ಅವರ ಇಬ್ಬರು ಸೋದರರನ್ನು ಕೆಲವೇ ದಿನಗಳ ಅಂತರದಲ್ಲಿ ತಗೊಂಡು ಹೋಯಿತು. ಅವರನ್ನೂ ಹಿಡಿದಿತ್ತು, ಲಕ್ಷ್ಮೀಪತಿಯವರ ಔಷಧಿಯಿಂದ ಉಳಿದುಕೊಂಡರು. ಉಷ್ಣವಲಯದ ರೋಗಗಳನ್ನು ಕಲೀಬೇಕು ಅಂತ ಹಟ ಹಿಡಿದು, ಮಾವನವರ ದುಡ್ಡು ಮತ್ತು ಒಂದು ಧರ್ಮಸಂಸ್ಥೆಯ ನೆರವು ಕೂಡಿಸಿಕೊಂಡು 1922ರ ಅಕ್ಟೋಬರ್ ಕೊನೆಯಲ್ಲಿ ಬೋಸ್ಟನ್ನಿನಲ್ಲಿ ಇಳಿದರು. ಹೆಂಡತಿ ಶೇಷಗಿರಿ ಊರಲ್ಲೇ ಉಳಿದರು. ಕೆಲವೇ ವರ್ಷಕ್ಕೆ ವಾಪಸು ಬರ್ತೀನಿ ಅಂತ ಹೋದವರು ಮತ್ತೆ ಬರಲೇ ಇಲ್ಲ. ಅವರು ಹೊರಟ ಮೇಲೆ ಹುಟ್ಟಿದ ಗಂಡುಮಗು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಮಗುವಿನ ಮುಖವನ್ನು ಅಪ್ಪ ನೋಡಲಿಲ್ಲ. ಇವರನ್ನು ದೇವರ ಪಟ ಮಾಡಿ ಪೂಜಿಸುವ ಬರಹಗಳು ಈ ಭಾಗವನ್ನು ಒಂದು ಸಾಲಿನಲ್ಲಿ ದಾಟಿಬಿಡ್ತವೆ. ಶೇಷಗಿರಿಯವರ ಕಡೆಯಿಂದ ನೋಡಿದರೆ ಅದು ಒಂದು ಸಾಲಿನ ವಿಷಯವಲ್ಲ.

ಹಾರ್ವರ್ಡ್‌ನಲ್ಲಿ ಉಷ್ಣವಲಯದ ವೈದ್ಯಕೀಯದ ಡಿಪ್ಲೊಮಾಗೆ ಸೀಟು ಸಿಕ್ಕಿತು, ಹೊಟ್ಟೆಪಾಡಿಗೆ ದುಡ್ಡಿರಲಿಲ್ಲ. ರಾತ್ರಿ ಪಾಳಿಯಲ್ಲಿ ಬೋಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಆಮೇಲೆ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಎಂಬ ಪ್ರೊಫೆಸರ ಕೈಕೆಳಗೆ ಸೇರಿದರು.

ಫಿಸ್ಕೆ ಕೊಟ್ಟ ಕೆಲಸ ಕೇಳೋದಕ್ಕೆ ಸಪ್ಪೆ. ರಕ್ತದಲ್ಲಿ, ಮೂತ್ರದಲ್ಲಿ ರಂಜಕ ಎಷ್ಟಿದೆ ಅಂತ ಅಳೆಯೋದಕ್ಕೆ ಒಂದು ನಂಬಿಕಸ್ತ ವಿಧಾನ ಬೇಕಿತ್ತು. 1925ರಲ್ಲಿ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ರಂಜಕ ಇದ್ದಷ್ಟೂ ದ್ರಾವಣಕ್ಕೆ ನೀಲಿ ಬಣ್ಣ ಏರುತ್ತೆ, ಆ ನೀಲಿಯನ್ನು ಅಳೆದರೆ ಸಾಕು. ಫಿಸ್ಕೆ–ಸುಬ್ಬರಾವ್ ವಿಧಾನ ಅಂತ ಇವತ್ತಿಗೂ ನಮ್ಮ ಕಾಲೇಜುಗಳ ಬಯೋಕೆಮಿಸ್ಟ್ರಿ ಹುಡುಗರು ಲ್ಯಾಬ್ ರೆಕಾರ್ಡಿನಲ್ಲಿ ಬರೆಯೋದು ಇದನ್ನೇ. ಈ ಅಳತೆಗೋಲು ಹಿಡಿದು ಮಾಂಸಖಂಡವನ್ನು ನೋಡಲು ಹೊರಟಾಗ ವಿಚಿತ್ರ ಕಂಡಿತು. ಹೊತ್ತು ಕಳೆದ ಹಾಗೆಲ್ಲ ನೀಲಿ ತಾನೇ ಏರುತ್ತಿತ್ತು. ಅಂದರೆ ಮಾಂಸದಲ್ಲಿ ಬೇಗ ಒಡೆದುಹೋಗುವ, ಒಡೆದಾಗ ರಂಜಕ ಬಿಟ್ಟುಕೊಡುವ ಯಾವುದೋ ವಸ್ತುವಿದೆ. 1927ರಲ್ಲಿ ಅದು ಫಾಸ್ಫೊಕ್ರಿಯಾಟಿನ್ ಅಂತ ತೋರಿಸಿದರು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎಗಲ್ಟನ್ ದಂಪತಿಗೂ ಅದೇ ವಸ್ತು ಸಿಕ್ಕಿತ್ತು. ಮಾಂಸಖಂಡ ಲ್ಯಾಕ್ಟಿಕ್ ಆಮ್ಲದಿಂದ ಕೆಲಸ ಮಾಡುತ್ತೆ ಎಂಬ, 1922ರ ನೊಬೆಲ್ ಪಡೆದವರ ವಾದ ಅಲುಗಾಡಿತು. 1929ರಲ್ಲಿ ಇನ್ನೊಂದು ವಸ್ತು: ಅಡೆನೊಸಿನ್ ಟ್ರೈಫಾಸ್ಫೇಟ್, ಚಿಕ್ಕದಾಗಿ ಎಟಿಪಿ. ಅದೇ ವರ್ಷ ಜರ್ಮನಿಯ ಕಾರ್ಲ್ ಲೊಹ್ಮನ್ ಕೂಡ ಬೇರೆಯಾಗಿಯೇ ಅದನ್ನು ಕಂಡುಹಿಡಿದರು.

ಎಟಿಪಿ ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳೋದು ಸುಲಭ. ಪಂಪ್‌ಸೆಟ್ಟಿಗೆ ಡೀಸೆಲ್ ಹೇಗೋ ಜೀವಕೋಶಕ್ಕೆ ಎಟಿಪಿ ಹಾಗೆ. ಮುದ್ದೆ ತಿಂದಾಗ ಸಿಗುವ ಶಕ್ತಿಯನ್ನು ಮೈ ನೇರವಾಗಿ ಬಳಸೋದಿಲ್ಲ, ಅದನ್ನು ಎಟಿಪಿಯ ರೂಪಕ್ಕೆ ತರುತ್ತೆ. ಎಟಿಪಿಯ ಬಾಲದಲ್ಲಿ ಮೂರು ರಂಜಕದ ಕೊಂಡಿ ಇವೆ. ತುದಿಯ ಕೊಂಡಿ ಕಳಚಿದಾಗ ಶಕ್ತಿ ಸಿಗುತ್ತೆ, ಮತ್ತೆ ಕೊಂಡಿ ಕೂಡಿಸಿದರೆ ಮರುಬಳಕೆಗೆ ಸಿದ್ಧ. ಒಂದು ಆಳು ದಿನಕ್ಕೆ ಹೀಗೆ ಕಳಚಿ ಕೂಡಿಸುವ ಎಟಿಪಿ ಒಟ್ಟು ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅವನ ತೂಕದಷ್ಟೇ ಆಗುತ್ತೆ. 1929ರಲ್ಲಿ ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ. ಅದು ಸೀಸೆಯಲ್ಲಿದ್ದ ಒಂದು ವಸ್ತು ಅಷ್ಟೆ. ಎಲ್ಲ ಜೀವಿಗಳ ಇಂಧನ ಅದೇ ಅನ್ನೋ ಮಾತನ್ನು ಫ್ರಿಟ್ಜ್ ಲಿಪ್‌ಮನ್ ಗಟ್ಟಿಯಾಗಿ ಮಂಡಿಸಿದ್ದು 1941ರಲ್ಲಿ.

ಸುಬ್ಬರಾವ್‌ಗೆ 1930ರಲ್ಲಿ ಪಿಎಚ್.ಡಿ ಬಂತು. ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಬರಲಿಲ್ಲ. ಫಿಸ್ಕೆಯೊಂದಿಗಿನ ಸಂಬಂಧವೂ ಸಲೀಸಾಗಿರಲಿಲ್ಲ. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ವಸ್ತುಗಳನ್ನು ಫಿಸ್ಕೆ ಅಸೂಯೆಯಿಂದ ಹೊರಗೆ ಬಿಡಲಿಲ್ಲ, ಅವನ್ನು ವರ್ಷಗಳ ಮೇಲೆ ಬೇರೆಯವರು ಮತ್ತೆ ಕಂಡುಹಿಡಿಯಬೇಕಾಯಿತು ಅಂತ ಆಗ ಅದೇ ವಿಭಾಗದಲ್ಲಿದ್ದ ಜಾರ್ಜ್ ಹಿಚಿಂಗ್ಸ್ ಮುಂದೆ ಹೇಳಿಕೊಂಡಿದ್ದಾರೆ. ಈ ಹಿಚಿಂಗ್ಸ್ ಹೆಸರು ನೆನಪಿರಲಿ. 1940ರಲ್ಲಿ ಸುಬ್ಬರಾವ್ ಹಾರ್ವರ್ಡ್ ಬಿಟ್ಟು ಲೆಡರ್ಲೆ ಕಂಪನಿ ಸೇರಿದರು. ಸ್ವಲ್ಪ ಕಾಲದಲ್ಲೇ ಸಂಶೋಧನಾ ನಿರ್ದೇಶಕರಾದರು. ಅಲ್ಲಿಂದ ಮುಂದಿನ ಎಂಟು ವರ್ಷ ಅವರು ಒಂಟಿ ವಿಜ್ಞಾನಿಯಲ್ಲ, ದೊಡ್ಡ ತಂಡವೊಂದರ ಮೇಸ್ತ್ರಿ. ಆ ತಂಡದಿಂದ ಹೊರಬಂದದ್ದನ್ನೆಲ್ಲ ಅವರೊಬ್ಬರ ತಲೆಗೆ ಕಟ್ಟೋದು ತಪ್ಪು. ಅವರಿಲ್ಲದೆ ಅದು ಬರ್ತಿತ್ತು ಅನ್ನೋದೂ ತಪ್ಪು.

ಮೊದಲ ಗುರಿ ಹಳೇ ಶತ್ರುವೇ, ರಕ್ತಹೀನತೆ. ಇದಕ್ಕೆ ಮುಂಚೆಯೇ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ಡಾಕ್ಟರು ಬೊಂಬಾಯಿಯ ಗರ್ಭಿಣಿಯರಲ್ಲಿ ಕಂಡ ಒಂದು ಬಗೆಯ ತೀವ್ರ ರಕ್ತಹೀನತೆ ಯೀಸ್ಟಿನ ಸಾರ ಕೊಟ್ಟರೆ ವಾಸಿಯಾಗುತ್ತೆ ಅಂತ 1931ರಲ್ಲಿ ತೋರಿಸಿದ್ದರು. ಯೀಸ್ಟಿನಲ್ಲಿ, ಈಲಿಯಲ್ಲಿ, ಸೊಪ್ಪಿನಲ್ಲಿ ಇರುವ ಆ ಅಂಶವೇ ಫೋಲಿಕ್ ಆಸಿಡ್. ಲೆಡರ್ಲೆ ತಂಡ ಅದನ್ನು ಬೇರ್ಪಡಿಸಿ, ರಚನೆ ಬಿಡಿಸಿ, 1945ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿತು. ಸ್ವಲ್ಪ ದಿನದಲ್ಲೇ ಅಮೆರಿಕದ ಟಾಮ್ ಸ್ಪೈಸ್ ಎಂಬ ವೈದ್ಯರು ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟು ನೋಡಿದರು. ರೋಗಿಗಳು ಚೇತರಿಸಿಕೊಂಡರು. ಸೋದರರನ್ನು ಕೊಂದ ಕಾಯಿಲೆಗೆ ಔಷಧಿ ಸಿಕ್ಕಿತ್ತು, ಕಾಲು ಶತಮಾನ ತಡವಾಗಿ. ಇವತ್ತು ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಬಸುರಿಯರ ಕಬ್ಬಿಣದ ಮಾತ್ರೆಯಲ್ಲಿ ಇರೋದು ಇದೇ ಫೋಲಿಕ್ ಆಸಿಡ್.

ಎರಡನೆಯದು ಮೊದಲನೆಯದರ ತಿರುಗುಮುರುಗು. ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರಿನ ಮಕ್ಕಳಿಗೆ ಫೋಲಿಕ್ ಆಸಿಡ್ ಬಗೆಯ ವಸ್ತು ಕೊಟ್ಟಾಗ ಕ್ಯಾನ್ಸರ್ ಇನ್ನೂ ಜೋರಾಗಿ ಬೆಳೆದಂತೆ ಅವರಿಗೆ ಕಂಡಿತು. ಹಾಗಾದರೆ ಫೋಲಿಕ್ ಆಸಿಡ್ ಥರಾನೇ ಕಾಣುವ, ಆದರೆ ಅದರ ಕೆಲಸ ಮಾಡದ ವಸ್ತು ಕೊಟ್ಟರೆ? ಬೀಗಕ್ಕೆ ತೂರುತ್ತೆ, ತಿರುಗೋಲ್ಲ, ನಿಜವಾದ ಕೀಲಿಗೂ ಜಾಗ ಬಿಡೋಲ್ಲ ಅನ್ನೋ ಥರದ ನಕಲಿ ಕೀಲಿ. ಸುಬ್ಬರಾವ್ ತಂಡ ಅಂಥವನ್ನು ಮಾಡಿಕೊಟ್ಟಿತು. ಮೊದಲು ಅಮಿನೊಪ್ಟೆರಿನ್, ಅದರ ಹಿಂದೆಯೇ ಅದರ ತಮ್ಮ ಮೆಥೊಟ್ರೆಕ್ಸೇಟ್. ಫಾರ್ಬರ್ 1948ರ ಜೂನ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಅಮಿನೊಪ್ಟೆರಿನ್ ಪಡೆದ 16 ಮಕ್ಕಳಲ್ಲಿ 10 ಮಕ್ಕಳ ಕಾಯಿಲೆ ಇಳಿದಿತ್ತು. ಅಲ್ಲೀವರೆಗೆ ರಕ್ತಕ್ಯಾನ್ಸರ್ ಬಂದ ಮಗು ಅಂದರೆ ವಾರಗಳ, ಹೆಚ್ಚೆಂದರೆ ತಿಂಗಳುಗಳ ಲೆಕ್ಕ. ಎದ್ದು ಕೂತ, ಆಟಕ್ಕೆ ಹೋದ ಮಕ್ಕಳನ್ನು ಡಾಕ್ಟರುಗಳು ನೋಡಿದ್ದು ಅದೇ ಮೊದಲು. ಆದರೆ ಕೆಲವು ತಿಂಗಳಲ್ಲಿ ಕಾಯಿಲೆ ಮರಳಿತು. ಮರಳಿದ ಮೇಲೆ ಅದೇ ಔಷಧಿ ಕೆಲಸ ಮಾಡಲಿಲ್ಲ.

ಮೂರನೆಯದು ಆರಿಯೊಮೈಸಿನ್. ಎಪ್ಪತ್ತು ದಾಟಿದ್ದ ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿಯನ್ನು ಲೆಡರ್ಲೆ ಕೆಲಸಕ್ಕೆ ಇಟ್ಟುಕೊಂಡಿತ್ತು. ಅವರು ಅಲ್ಲಿ ಇಲ್ಲಿಂದ ಮಣ್ಣು ತರಿಸಿ ಜಾಲಾಡುವಾಗ ಮಿಸೌರಿಯ ಹೊಲವೊಂದರ ಮಣ್ಣಿನಲ್ಲಿ ಚಿನ್ನದ ಬಣ್ಣದ ವಸ್ತು ತಯಾರಿಸುವ ಒಂದು ಸೂಕ್ಷ್ಮಜೀವಿ ಸಿಕ್ಕಿತು. 1948ರಲ್ಲಿ ಲೋಕಕ್ಕೆ ಪರಿಚಯವಾದ ಆ ವಸ್ತುವೇ ಟೆಟ್ರಾಸೈಕ್ಲಿನ್ ಕುಟುಂಬದ ಹಿರಿಯಣ್ಣ. ಪೆನಿಸಿಲಿನ್‌ಗೆ ಬಗ್ಗದ ಎಷ್ಟೋ ರೋಗಾಣುಗಳಿಗೆ ಅದು ನಾಟಿತು. ಇದೇ ತಂಡದ ಇನ್ನೊಂದು ಔಷಧಿ, ಆನೆಕಾಲು ರೋಗದ ಹೆಟ್ರಜಾನ್. ಉಡುಪಿ, ದಕ್ಷಿಣ ಕನ್ನಡ, ಕಲಬುರಗಿ, ಬೀದರ್ ಕಡೆಯವರಿಗೆ ಡಿಇಸಿ ಮಾತ್ರೆ ಅಂದರೆ ಗೊತ್ತಾಗುತ್ತೆ.

1948ರ ಆಗಸ್ಟಿನ ಒಂದು ರಾತ್ರಿ ಮಲಗಿದ ಸುಬ್ಬರಾವ್ ಏಳಲಿಲ್ಲ. ಹೃದಯಾಘಾತ. ವಯಸ್ಸು 53. ಅಮೆರಿಕದಲ್ಲಿ 26 ವರ್ಷ ದುಡಿದಿದ್ದರೂ ಅಲ್ಲಿನ ಪ್ರಜೆಯಾಗಿರಲಿಲ್ಲ. ಭಾರತೀಯರು ಪ್ರಜೆಗಳಾಗಬಹುದು ಅಂತ ಅಲ್ಲಿನ ಕಾನೂನು ಒಪ್ಪಿದ್ದೇ 1946ರಲ್ಲಿ. ಮುಂದೆ ಒಂದು ಶಿಲೀಂಧ್ರಕ್ಕೆ ಸುಬ್ಬರೊಮೈಸಿಸ್ ಅಂತ ಹೆಸರಿಟ್ಟರು. ನಮ್ಮ ಅಂಚೆ ಇಲಾಖೆ 1995ರಲ್ಲಿ, ನೂರನೇ ವರ್ಷಕ್ಕೆ, ಒಂದು ಸ್ಟಾಂಪು ತಂದಿತು.

ಮಕ್ಕಳಲ್ಲಿ ಕಾಯಿಲೆ ಯಾಕೆ ಮರಳಿತು ಅನ್ನೋ ಪ್ರಶ್ನೆ ಅವರ ಹಿಂದೆ ಉಳಿಯಿತು. ಅದಕ್ಕೆ ಉತ್ತರ ಒಂದಲ್ಲ, ಹಲವು. ಕ್ಯಾನ್ಸರ್ ಕೋಶ ಔಷಧಿ ಒಳಗೆ ಬರುವ ಬಾಗಿಲನ್ನೇ ಮುಚ್ಚಬಹುದು. ಔಷಧಿ ಕಟ್ಟಿಹಾಕುವ ಕಿಣ್ವವನ್ನು ಹತ್ತುಪಟ್ಟು ಹೆಚ್ಚು ಮಾಡಿಕೊಳ್ಳಬಹುದು. ಮೆಥೊಟ್ರೆಕ್ಸೇಟ್ ವಿಷಯದಲ್ಲಿ ಈ ಎರಡು ಉಪಾಯಗಳೇ ಬಹಳ ನಡೆಯೋದು. ಇನ್ನೊಂದು ಉಪಾಯ, ಬಂದದ್ದನ್ನು ಎತ್ತಿ ಹೊರಗೆ ಹಾಕೋದು. ಈ ಮೂರನೆಯದನ್ನು ಮೊದಲು ಯಾರೂ ಊಹಿಸಿರಲಿಲ್ಲ.

1973ರಲ್ಲಿ ಡೆನ್ಮಾರ್ಕಿನ ಕೆಲ್ಡ್ ಡಾನೊ, ಒಂದು ಕ್ಯಾನ್ಸರ್ ಔಷಧಿಗೆ ಬಗ್ಗದ ಕೋಶಗಳನ್ನು ಪರೀಕ್ಷಿಸಿದರು. ಔಷಧಿ ಒಳಗೆ ಹೋಗ್ತಾ ಇತ್ತು, ಅಷ್ಟೇ ಜೋರಾಗಿ ವಾಪಸ್ ಬರ್ತಾ ಇತ್ತು. ಕೋಶಕ್ಕೆ ಶಕ್ತಿ ಸಿಗದ ಹಾಗೆ ಮಾಡಿದರೆ ಹೊರಹಾಕೋದು ನಿಲ್ಲುತ್ತಿತ್ತು. ಅಂದರೆ ಅದು ತೂತಿನಿಂದ ಸೋರಿಕೆಯಲ್ಲ, ದುಡಿಮೆ. 1976ರಲ್ಲಿ ಕೆನಡಾದ ಜುಲಿಯಾನೊ ಮತ್ತು ವಿಕ್ಟರ್ ಲಿಂಗ್ ಆ ದುಡಿಯುವ ಪ್ರೋಟೀನನ್ನೇ ಕೋಶದ ಪೊರೆಯಲ್ಲಿ ಗುರುತಿಸಿದರು. ಅವರು ಬಳಸಿದ್ದು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶ. ಕೊಟ್ಟ ವಿಷ ಕೊಲ್ಚಿಸಿನ್, ನಮ್ಮ ಬೇಲಿಗಳಲ್ಲಿ ಬೆಂಕಿಯ ಬಣ್ಣದಲ್ಲಿ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಇರುವ ವಿಷ. ಕೊಲ್ಚಿಸಿನ್‌ಗೆ ಒಗ್ಗಿಕೊಂಡ ಕೋಶಗಳು ತಾವು ಎಂದೂ ಕಾಣದ ಬೇರೆ ಔಷಧಿಗಳಿಗೂ ಜಗ್ಗುತ್ತಿರಲಿಲ್ಲ. ಪಿ-ಗ್ಲೈಕೊಪ್ರೋಟೀನ್ ಅಂತ ಹೆಸರಿಟ್ಟರು. ಪೊರೆಯೊಳಗೇ ಹೊಂಚು ಹಾಕಿ ಕೂತು, ಬಂದ ಔಷಧಿಯನ್ನು ತಬ್ಬಿ, ಮಗ್ಗುಲು ಬದಲಿಸಿ ಹೊರಗೆ ಬಿಸಾಡುತ್ತೆ. ಹೀಗೆ ಒಂದು ಸಲ ಮಗ್ಗುಲು ಬದಲಿಸೋದಕ್ಕೆ ಬೇಕಾಗೋದು ಒಂದೆರಡು ಎಟಿಪಿ.

ಮನುಷ್ಯರಲ್ಲಿ ಇದೇ ಕುಲದ ಪ್ರೋಟೀನುಗಳು ಸುಮಾರು 48 ಇವೆ. ಕುಲದ ಹೆಸರು ಎಬಿಸಿ. ಅದರಲ್ಲಿನ ಎ ಅಂದರೆ ಎಟಿಪಿ, 1929ರ ಆ ಸೀಸೆಯ ವಸ್ತು. ಅವುಗಳಲ್ಲಿ ಕೆಲವಕ್ಕೆ ಮೆಥೊಟ್ರೆಕ್ಸೇಟನ್ನು ಹೊರಹಾಕೋದೂ ಗೊತ್ತು. ಇಲ್ಲಿ ಕೋಶಕ್ಕೂ ಪಂಪಿಗೂ ಒಂದು ಪೈಪೋಟಿ ಇದೆ. ಒಳಗೆ ಬಂದ ಮೆಥೊಟ್ರೆಕ್ಸೇಟಿಗೆ ಕೋಶ ಗ್ಲುಟಮೇಟ್ ಎಂಬ ಬಾಲ ಕಟ್ಟುತ್ತಾ ಹೋಗುತ್ತೆ. ಬಾಲ ಉದ್ದ ಆದಷ್ಟೂ ಪಂಪಿಗೆ ಎತ್ತೋದು ಕಷ್ಟ. ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ರಕ್ತಕ್ಯಾನ್ಸರ್ ಚಿಕಿತ್ಸೆಗೆ ಹೋಗಿಬರುವ ಮಕ್ಕಳು ತೀವ್ರ ಚಿಕಿತ್ಸೆ ಮುಗಿದ ಮೇಲೂ ವರ್ಷಗಟ್ಟಲೆ ಎರಡು ಮಾತ್ರೆ ನುಂಗ್ತಾರೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನವೂ ಮರ್ಕಾಪ್ಟೊಪ್ಯೂರಿನ್. ಎರಡನೆಯದನ್ನು ಗರ್ಟ್ರೂಡ್ ಎಲಿಯನ್ ಜೊತೆ ಸೇರಿ ತಯಾರಿಸಿದವರು ಮೇಲೆ ಹೇಳಿದ ಅದೇ ಹಿಚಿಂಗ್ಸ್. ಹಾರ್ವರ್ಡ್‌ನ ಒಂದೇ ವಿಭಾಗದಲ್ಲಿದ್ದ ಇಬ್ಬರ ಔಷಧಿ ಒಂದು ಮಗುವಿನ ಡಬ್ಬಿಯಲ್ಲಿ ಒಟ್ಟಿಗಿವೆ. ಒಂದೇ ಔಷಧಿಯಿಂದ ಆಗದ್ದು ಹಲವನ್ನು ಕೂಡಿಸಿದ್ದರಿಂದ ಆಯಿತು. ಆ ಕಾಯಿಲೆಯ ಬಹುಪಾಲು ಮಕ್ಕಳು ಈಗ ಪೂರ್ತಿ ಗುಣವಾಗಬಲ್ಲರು.

ಹಾಗಾದರೆ ಪಂಪನ್ನೇ ನಿಲ್ಲಿಸುವ ಔಷಧಿ ಮಾಡಿದರಾಯಿತಲ್ಲ? ಮಾಡಿ ನೋಡಿದರು. ರಕ್ತದೊತ್ತಡದ ವೆರಪಮಿಲ್‌ನಿಂದ ಶುರುವಾಗಿ ಎಷ್ಟೋ ಪ್ರಯತ್ನ ನಡೆದವು. ದೊಡ್ಡ ಗೆಲುವು ಸಿಗಲಿಲ್ಲ. ಯಾಕೆಂದರೆ ಪಂಪು ಇರೋದು ಕ್ಯಾನ್ಸರಿಗಾಗಿ ಅಲ್ಲ, ನಮಗಾಗಿ. ಕರುಳಿನಲ್ಲಿ, ಈಲಿಯಲ್ಲಿ, ಮೂತ್ರಪಿಂಡದಲ್ಲಿ, ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಅದು ಕಾವಲು ಕೂತಿದೆ. ತಿಂದ ಸೊಪ್ಪು, ಕಾಯಿಯಲ್ಲಿರುವ ಸಣ್ಣಪುಟ್ಟ ವಿಷ ಒಳಗೆ ಇಳಿಯದಂತೆ ತಡೆಯೋದು ಅದರ ಹಳೇ ಕಸುಬು. 1994ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಈ ಪಂಪಿಲ್ಲದ ಇಲಿಗಳನ್ನು ಬೆಳೆಸಿದ್ದರು. ಮೈಮೇಲಿನ ಹುಳ ಹೋಗಲಿ ಅಂತ ಐವರ್ಮೆಕ್ಟಿನ್ ಹಾಕಿದರೆ ಇಲಿಗಳು ಸತ್ತವು, ಔಷಧಿ ತಡೆಯಿಲ್ಲದೆ ಮಿದುಳಿಗೆ ನುಗ್ಗಿತ್ತು. ನಮ್ಮಲ್ಲಿ ದನಕ್ಕೆ, ನಾಯಿಗೆ ಉಣ್ಣೆ ಹೋಗಲಿ ಅಂತ ಕೊಡುವ ಅದೇ ಐವರ್ಮೆಕ್ಟಿನ್. ಕೋಲಿ ಎಂಬ ಜಾತಿಯ ನಾಯಿಗಳಲ್ಲಿ ಈ ಪಂಪು ಹುಟ್ಟಿನಿಂದಲೇ ಕೆಟ್ಟಿರೋದು ಸಾಮಾನ್ಯ, ಅವಕ್ಕೆ ಜೋರು ಪ್ರಮಾಣದಲ್ಲಿ ಅದನ್ನು ಕೊಟ್ಟರೆ ಅಪಾಯ.

ಈಗ ಗೂಡಿನ ಮೂರನೇ ಸಾಮಾನಿಗೆ ಬರೋಣ. ನನಗೆ ನಿಜವಾದ ಚಿಂತೆ ಇರೋದು ಅದರದ್ದು.

ಆರಿಯೊಮೈಸಿನ್‌ನಿಂದ ಒಂದು ಕ್ಲೋರಿನ್ ಕಿತ್ತು 1950ರ ದಶಕದಲ್ಲಿ ಟೆಟ್ರಾಸೈಕ್ಲಿನ್ ಮಾಡಿದರು. ಅದಕ್ಕೆ ಸ್ಟ್ರೆಪ್ಟೊಮೈಸಿನ್ ಕೂಡಿಸಿದರೆ ಅಣ್ಣನ ಪೊಟ್ಟಣ: 9 ಪಾಲು ಸ್ಟ್ರೆಪ್ಟೊಮೈಸಿನ್‌ಗೆ 1 ಪಾಲು ಟೆಟ್ರಾಸೈಕ್ಲಿನ್. ಭತ್ತಕ್ಕೆ ದುಂಡಾಣು ಅಂಗಮಾರಿ ಬಂದು ಗರಿಯ ಅಂಚು ಹುಲ್ಲಿನ ಬಣ್ಣಕ್ಕೆ ತಿರುಗಿ ಒಣಗಿದಾಗ ಇದನ್ನು ತಾಮ್ರದ ಔಷಧಿ ಜೊತೆ ಬೆರೆಸಿ ಹೊಡೀತಾರೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಮಳವಳ್ಳಿ, ಮದ್ದೂರು, ಮಂಡ್ಯದ ಗದ್ದೆ ಬಯಲಿನಲ್ಲಿ ಇದು ಹೊಸದೇನಲ್ಲ. ರೈತ ಇದನ್ನು ತಾನಾಗಿ ಕಂಡುಹಿಡಿದಿಲ್ಲ, ದಶಕಗಳ ಕಾಲ ಕೃಷಿ ಪುಸ್ತಿಕೆಗಳೇ ಇದನ್ನು ಹೇಳಿಕೊಟ್ಟಿವೆ. ಹಾಗಾಗಿ ಅಣ್ಣನ ಮೇಲೆ ರೇಗಿ ಪ್ರಯೋಜನವಿಲ್ಲ.

1980ರಲ್ಲಿ ಬೋಸ್ಟನ್ನಿನಲ್ಲೇ, ಟಫ್ಟ್ಸ್ ವಿಶ್ವವಿದ್ಯಾಲಯದ ಸ್ಟುವರ್ಟ್ ಲೆವಿ ಮತ್ತು ಲಾರಾ ಮೆಕ್‌ಮರಿ ಒಂದು ಸಂಗತಿ ತೋರಿಸಿದರು. ಟೆಟ್ರಾಸೈಕ್ಲಿನ್‌ಗೆ ಸಾಯದ ಬ್ಯಾಕ್ಟೀರಿಯಾಗಳು ಅದನ್ನು ಒಡೆದುಹಾಕ್ತಾ ಇರಲಿಲ್ಲ, ಪಂಪು ಮಾಡಿ ಹೊರಗೆ ಹಾಕ್ತಾ ಇದ್ದವು. ಆಂಟಿಬಯೋಟಿಕ್ ಒಂದನ್ನು ಬ್ಯಾಕ್ಟೀರಿಯಾ ಪಂಪಿನಿಂದ ಹೊರದೂಡುತ್ತೆ ಅಂತ ತಿಳಿದದ್ದು ಅದೇ ಮೊದಲು. ಈ ಪಂಪು ಎಟಿಪಿ ಸುಡೋದಿಲ್ಲ. ಪೊರೆಯ ಹೊರಗೆ ಕಟ್ಟೆಯ ನೀರಿನ ಹಾಗೆ ಒತ್ತಿ ನಿಂತ ಪ್ರೋಟಾನುಗಳಲ್ಲಿ ಒಂದನ್ನು ಒಳಗೆ ಬಿಟ್ಟು, ಅದರ ರಭಸದಲ್ಲಿ ಒಂದು ಟೆಟ್ರಾಸೈಕ್ಲಿನ್ನನ್ನು ಹೊರಗೆ ತಳ್ಳುತ್ತೆ.

ಅದರ ಸ್ವಿಚ್ಚಿನ ಕಥೆ ಇನ್ನೂ ಸ್ವಾರಸ್ಯ. ಪಂಪು ಸುಮ್ಮನೆ ಓಡಿದರೆ ಬ್ಯಾಕ್ಟೀರಿಯಾಕ್ಕೆ ನಷ್ಟ. ಅದಕ್ಕೆ ಟೆಟ್-ಆರ್ ಎಂಬ ಇನ್ನೊಂದು ಪ್ರೋಟೀನು ಪಂಪಿನ ಜೀನಿನ ಮೇಲೆ ಕೂತು ಮುಚ್ಚಿಟ್ಟಿರುತ್ತೆ. ಟೆಟ್ರಾಸೈಕ್ಲಿನ್ ಬಂದು ತಾಕಿದ ಕ್ಷಣ ಎದ್ದುಹೋಗುತ್ತೆ, ಪಂಪು ತಯಾರಾಗುತ್ತೆ. ಹಾಗೆ ಎಬ್ಬಿಸೋದಕ್ಕೆ ಬ್ಯಾಕ್ಟೀರಿಯಾವನ್ನು ಕೊಲ್ಲುವಷ್ಟು ಔಷಧಿ ಬೇಕಿಲ್ಲ. ಅದರ ಸಣ್ಣ ಪಾಲು, ಗದ್ದೆಯ ನೀರಿನಲ್ಲಿ ಕರಗಿ ಮುಂದಿನ ಮಡಿಗೆ, ಅಲ್ಲಿಂದ ಹಳ್ಳಕ್ಕೆ ಇಳಿಯುವಷ್ಟು ತೆಳುವಾದದ್ದೂ ಸಾಕಾಗಬಹುದು. ಈ ಪಂಪಿನ ಜೀನು ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಕಳಚಿ ಕೊಡಬಹುದಾದ ಡಿಎನ್ಎ ಉಂಗುರದಲ್ಲಿರುತ್ತೆ. ಒಂದು ಬ್ಯಾಕ್ಟೀರಿಯಾ ತನ್ನ ಜಾತಿಯದಲ್ಲದ ಇನ್ನೊಂದಕ್ಕೂ ಅದನ್ನು ಕೊಡಬಲ್ಲದು. ಉಂಗುರದಲ್ಲಿ ಬೇರೆ ಆಂಟಿಬಯೋಟಿಕ್‌ಗಳಿಗೆ ಬಗ್ಗದಿರುವ ಜೀನುಗಳೂ ಇದ್ದರೆ ಅವೂ ಜೊತೆಗೇ ಹೋಗ್ತವೆ. ಗದ್ದೆ ಬದುವಿನ ಹುಲ್ಲು ಕೊಯ್ದು ಹಸುವಿಗೆ ಹಾಕ್ತೀವಿ. ಹಸುವಿಗೆ ಕಾಯಿಲೆ ಬಂದರೆ ಕೊಡುವ ಇಂಜೆಕ್ಷನ್ನುಗಳಲ್ಲೂ ಟೆಟ್ರಾಸೈಕ್ಲಿನ್ ವಂಶದ ಆಕ್ಸಿಟೆಟ್ರಾಸೈಕ್ಲಿನ್ ಇದೆ. ಆ ಹಸುವಿನ ಸಗಣಿ ಗೊಬ್ಬರವಾಗಿ ಮತ್ತೆ ಗದ್ದೆಗೇ ಹೋಗುತ್ತೆ.

2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಬೆಳೆಗಳ ಮೇಲೆ ಸ್ಟ್ರೆಪ್ಟೊಮೈಸಿನ್–ಟೆಟ್ರಾಸೈಕ್ಲಿನ್ ಬಳಕೆ ನಿಲ್ಲಿಸುವ ಕರಡು ಆದೇಶ ಹೊರಡಿಸಿತು. ಅದರ ಪ್ರಕಾರ 2024ರ ಜನವರಿ 1ರಿಂದ ಬಳಕೆ ಪೂರ್ತಿ ನಿಲ್ಲಬೇಕಿತ್ತು. ದೆಹಲಿಯ ಗೆಜೆಟ್ಟಿನಿಂದ ಕಿರುಗಾವಲಿನ ಗೋಡೆಗೂಡಿಗೆ ದಾರಿ ದೂರ ಇದೆ. ಬೇಡ ಅನ್ನೋ ಆದೇಶದ ಜೊತೆಗೆ ಬದಲಿಗೆ ಏನು ಅಂತ ಹೇಳುವ ಮನುಷ್ಯ ಬಯಲಿಗೆ ಬರಬೇಕು. ಬದಲಿ ಇಲ್ಲ ಅಂತಲ್ಲ. ಯೂರಿಯಾ ಜಾಸ್ತಿ ಸುರಿದ ಗದ್ದೆಗೆ ಅಂಗಮಾರಿ ಬೇಗ ಹತ್ತುತ್ತೆ ಅನ್ನೋದು ಹಳಬರಿಗೂ ಗೊತ್ತು, ವಿಜ್ಞಾನಿಗಳಿಗೂ ಗೊತ್ತು. ರೋಗ ಕಂಡ ಕೂಡಲೇ ಮೇಲುಗೊಬ್ಬರ ನಿಲ್ಲಿಸಿ ನೀರು ಬಸಿಯೋದು ಖರ್ಚಿಲ್ಲದ ಕೆಲಸ. ರೋಗ ತಡೆಯುವ ತಳಿಗಳಿವೆ. ಹೈದರಾಬಾದಿನ ವಿಜ್ಞಾನಿಗಳು ಸಾಂಬಾ ಮಸೂರಿಗೆ ಮೂರು ರೋಗನಿರೋಧಕ ಜೀನುಗಳನ್ನು ಬರೀ ತಳಿ ಸಂಕರದಿಂದ ಸೇರಿಸಿ ಸುಧಾರಿತ ಸಾಂಬಾ ಮಸೂರಿ ಮಾಡಿದ್ದಾರೆ. ಅದರಲ್ಲೊಂದು ಜೀನು ಆಫ್ರಿಕಾದ ಕಾಡುಭತ್ತದ್ದು. ನಮ್ಮ ಕಿರುಗಾವಲಿನಲ್ಲೇ ಸೈಯದ್ ಘನಿ ಖಾನ್ ನೂರಾರು ನಾಟಿ ಭತ್ತದ ತಳಿಗಳನ್ನು ಬೆಳೆದು ಉಳಿಸಿಕೊಂಡಿದ್ದಾರೆ. ಅವುಗಳಲ್ಲಿ ಯಾವುದಕ್ಕೆ ಅಂಗಮಾರಿ ತಡೆಯುವ ಗುಣ ಇದೆ ಅಂತ ಸರ್ಕಾರವೇ ಮುಂದೆ ನಿಂತು ಪರೀಕ್ಷೆ ಮಾಡಿಸಿದರೆ ಅದಕ್ಕಿಂತ ಒಳ್ಳೇ ಖರ್ಚು ಇನ್ನೊಂದಿಲ್ಲ.

ಮೊನ್ನೆ ಅಣ್ಣನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡ. ಸರಿ ಕಣಪ್ಪ, ಮಿಕ್ಕಿರೋ ಪುಡೀನ ಎಲ್ಲಿ ಬಿಸಾಕ್ಲಿ ಅಂತ ಕೇಳಿದ. ನಾಲೆಗೆ ಬೇಡ, ತಿಪ್ಪೆಗೂ ಬೇಡ ಅಂದೆ. ಎಲ್ಲಿಗೆ ಅಂತ ಹೇಳೋಕೆ ನನಗೂ ಬರಲಿಲ್ಲ. ಪೊಟ್ಟಣ ಸದ್ಯಕ್ಕೆ ಅಟ್ಟದ ಮೇಲೆ, ಮಕ್ಕಳ ಕೈಗೆ ಸಿಗದ ಒಂದು ಡಬ್ಬಿಯಲ್ಲಿದೆ. ದೊಡ್ಡಮ್ಮನ ಎರಡು ಮಾತ್ರೆ ಗೂಡಿನಲ್ಲೇ ಇವೆ. ಮೆಥೊಟ್ರೆಕ್ಸೇಟನ್ನು ದಿನದ ಮಾತ್ರೆ ಅಂದ್ಕೊಂಡು ದಿನಾ ನುಂಗಿ ಪ್ರಾಣ ಕಳಕೊಂಡವರಿದ್ದಾರೆ. ಅದಕ್ಕೇ ಅದರ ಪಟ್ಟಿಗೆ ಒಂದು ಬಿಳಿ ಚೀಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ ಭಾನುವಾರ ಮಾತ್ರ ಅಂತ ಬರೆದಿಟ್ಟು ಬಂದಿದ್ದೀನಿ.